ಕವಾಯತೂ ಕಾಯವೂ



ಸೈನ್ಯದ ಕವಾಯತಿನಿಂದ ಮನುಷ್ಯನ ದೇಹದಲ್ಲಿ ಏನೇನು ಮಾರ್ಪಾಡುಗಳಾಗುತ್ತವೆ ಎಂಬುದು ಈ ದಿನದ ಭಾಷಣದ ವಿಷಯ. ಊರು ಬಿಟ್ಟು ದಂಡಿಗೆ ಸೇರಿದ ತರುಣನು ಆರು ತಿಂಗಳ ಮೇಲೆ ರಜದಲ್ಲಿ ಮನೆಗೆ ಬಂದಾಗ ಮನೆಯವರು ಅವನನ್ನು ನೋಡಿ ಎರಡು ಬಗೆಯಾಗಿ ಮಾತನಾಡುವುದುಂಟು. “ಎಷ್ಟು ಬಡವಾಗಿಬಿಟ್ಟೆಯೋ, ಮಗು!” ಎಂದು ಅಜ್ಜಿ ಮರುಗುತ್ತಾಳೆ. “ಬಡವಾಗಿಲ್ಲಮ್ಮ, ಮೈ ಈಗ ಕಟ್ಟುಮಸ್ತಾಗಿದೆ” ಎಂದು ಸೋದರಮಾವ ಮೆಚ್ಚುತ್ತಾನೆ. ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ, ಹೋಗುವಾಗ ಎಷ್ಟಿದ್ದನೋ ಹೆಚ್ಚುಕಡಮೆ ಅಷ್ಟೇ ಇದ್ದಾನೆಂದು ಅದು ತೋರಿಸಬಹುದು. ಮೂವರ ಮಾತೂ ನಿಜವೇ. ಮುಖದ ಮತ್ತು ಹೊಟ್ಟೆಯ ಕೊಬ್ಬು ಕರಗಿದ್ದನ್ನು ಅಜ್ಜಿ ಕಂಡಳು. ತೋಳು ತೊಡೆಗಳು ಬಲಿತದ್ದನ್ನು ಮಾವ ಕಂಡನು. ತಕ್ಕಡಿಯಾದರೋ ಎರಡನ್ನೂ ಕೂಡಿಸಿ ಕಳೆದು ಒಂದೇ ಅಂಕಿಯನ್ನು ಹೇಳಿತು. ದೇಹ ಎಷ್ಟು ತೂಗುತ್ತದೆ ಎಂಬುದು ಒಂದು ಪ್ರಶ್ನೆ. ಅದು ಯಾವುದರಿಂದ ಆಗಿದೆ ಎಂಬುದು ಮತ್ತೊಂದು. ಕವಾಯತು ಬದಲಾಯಿಸುವುದು ಮುಖ್ಯವಾಗಿ ಈ ಎರಡನೆಯದನ್ನು. ಇದನ್ನು ಮರೆತು ಕೇವಲ ತೂಕವನ್ನೇ ನಂಬಿದುದರಿಂದ ಸೈನ್ಯಗಳು ಯೋಗ್ಯರಾದವರನ್ನು ತಿರಸ್ಕರಿಸಿವೆ. ತೂಕ ಇಳಿದುದನ್ನೇ ಆರೋಗ್ಯವೆಂದು ತಿಳಿದು ಸಾಮಾನ್ಯ ಜನರೂ ಮೋಸಹೋಗಿದ್ದಾರೆ.

ದೇಹವನ್ನು ಎರಡು ಪಾಲಾಗಿ ಎಣಿಸುವುದು ವೈದ್ಯಶಾಸ್ತ್ರದಲ್ಲಿ ಒಂದು ರೂಢಿ. ಒಂದು ಪಾಲು ಕೊಬ್ಬು. ಇನ್ನೊಂದು ಪಾಲು ಉಳಿದುದೆಲ್ಲವೂ: ಮಾಂಸಖಂಡ, ಮೂಳೆ, ರಕ್ತ, ನೀರು, ಒಳಗಿನ ಅಂಗಗಳು. ಆರೋಗ್ಯವಂತನಾದ ತರುಣನಲ್ಲಿ ದೇಹದ ತೂಕದ ಸುಮಾರು ಶೇಕಡಾ 15 ಪಾಲು ಕೊಬ್ಬೆಂದೂ, ತರುಣಿಯಲ್ಲಿ ಸುಮಾರು ಶೇಕಡಾ 25 ಪಾಲೆಂದೂ ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಕೊಬ್ಬು ಎಂದ ಕೂಡಲೆ ಅದನ್ನು ಶತ್ರುವೆಂದು ಭಾವಿಸಬಾರದು. ಮಿದುಳು, ನರಗಳ ಹೊದಿಕೆ, ಮೂಳೆಯ ಒಳಗಿನ ಮಜ್ಜೆ ಇವುಗಳಲ್ಲಿರುವ ಕೊಬ್ಬಿಲ್ಲದೆ ಬಾಳುವುದಕ್ಕೇ ಆಗದು. ಅದರ ಮೇಲಿರುವ ಕೊಬ್ಬು ಮನೆಯ ಕಣಜದಲ್ಲಿಟ್ಟ ಧಾನ್ಯದಂತೆ. ಬರಗಾಲಕ್ಕೆ ಅದು ಬೇಕು. ಆದರೆ ನಡುಮನೆಯೆಲ್ಲ ಮೂಟೆಗಳಿಂದ ತುಂಬಿ ಓಡಾಡುವುದಕ್ಕೆ ಎಡೆಯಿಲ್ಲದಷ್ಟು ಬೇಡ.

ವ್ಯಾಯಾಮದಿಂದ ದೇಹದ ಕಟ್ಟು ಮಾರ್ಪಡುತ್ತದೆಂಬುದು ನಮ್ಮವರಿಗೆ ಹೊಸ ಸಂಗತಿಯಲ್ಲ. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ ವ್ಯಾಯಾಮದ ಫಲಗಳನ್ನು ಎಣಿಸುವಾಗ ಮೈ ಹಗುರಾಗುವುದು, ಕೆಲಸ ಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ, ಅಂಗಾಂಗಗಳು ವಿಂಗಡವಾಗಿ ಕಾಣುವಂತೆ ಗಟ್ಟಿಯಾಗುವುದು ಇವನ್ನು ಹೆಸರಿಸಿದ್ದಾನೆ. ಕೊಬ್ಬು ಕುಗ್ಗುವುದನ್ನೂ ಅಂಗಗಳು ಘನವಾಗುವುದನ್ನೂ ಆತ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಗಮನಿಸಬೇಕು. ಅದೇ ಆಚಾರ್ಯನು ಅತಿವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಏದುಸಿರು, ಜ್ವರ ಮೊದಲಾದುವು ಬರುವುವೆಂದೂ ಎಚ್ಚರಿಸಿದ್ದಾನೆ. ಈ ಎರಡು ಮಾತುಗಳಿಗೂ ಅಂಕಿಗಳ ಆಧಾರ ದೊರೆತುದು ಬಹುಕಾಲದ ಮೇಲೆ. ಅದೂ ಬಹುಮಟ್ಟಿಗೆ ಸೈನ್ಯಗಳಿಂದ. ಇದಕ್ಕೆ ಕಾರಣವಿದೆ. ನೂರಾರು ತರುಣರು ಒಂದೇ ಬಗೆಯ ಊಟವನ್ನು ಉಂಡು, ಒಂದೇ ಹೊತ್ತಿಗೆ ಎದ್ದು, ಒಂದೇ ಬಗೆಯ ಶ್ರಮವನ್ನು ವಾರಗಟ್ಟಲೆ ಮಾಡುವುದು ಸೈನ್ಯದಲ್ಲಲ್ಲದೆ ಬೇರೆಲ್ಲಿ ಕಾಣದೊರೆಯುತ್ತದೆ?

ಮೊದಲು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಹೋಗೋಣ. ಅಲ್ಲಿ ಆರ್ಚಿಬಾಲ್ಡ್ ಮೆಕ್ಲಾರನ್ ಎಂಬ ಸ್ಕಾಟ್ಲೆಂಡಿನವನು 1858ರಲ್ಲಿ ಒಂದು ವ್ಯಾಯಾಮಶಾಲೆಯನ್ನು ತೆರೆದಿದ್ದನು. ಕ್ರಿಮಿಯಾ ಯುದ್ಧದ ತರುವಾಯ ತಮ್ಮ ಸಿಪಾಯಿಗಳ ದೇಹಶಕ್ತಿಯನ್ನು ಹೆಚ್ಚಿಸುವ ಯೋಚನೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು 1860ರಲ್ಲಿ ಮೇಜರ್ ಹ್ಯಾಮರ್ಸ್‌ಲಿಯ ಮುಂದಾಳುತನದಲ್ಲಿ ಹನ್ನೆರಡು ಮಂದಿ ಕಿರಿಯ ದರ್ಜೆಯ ಅಧಿಕಾರಿಗಳನ್ನು ಅವನಲ್ಲಿಗೆ ಕಳುಹಿಸಿದರು. ಇವರು ಹತ್ತೊಂಬತ್ತರಿಂದ ಇಪ್ಪತ್ತೆಂಟರ ವಯಸ್ಸಿನವರು. ಕೆಲವರು ಗಿಡ್ಡ, ಕೆಲವರು ಎತ್ತರ. ಕೆಲವರು ತೆಳ್ಳಗಿನವರು, ಕೆಲವರು ದೃಢಕಾಯರು. ಮೆಕ್ಲಾರನ್ ಒಬ್ಬೊಬ್ಬನ ತೂಕವನ್ನೂ ಎದೆಯ ಮತ್ತು ತೋಳಿನ ಸುತ್ತಳತೆಯನ್ನೂ ಬರೆದಿಟ್ಟನು. ಪ್ರತಿಯೊಬ್ಬನ ಶಕ್ತಿಗೆ ತಕ್ಕಂತೆ ಹಗುರವಾದ ಸಾಧನೆಯಿಂದ ಮೊದಲುಮಾಡಿ ಮೆಲ್ಲಮೆಲ್ಲನೆ ಭಾರವಾದುದಕ್ಕೆ ಏರಿಸಿದನು. ಎಂಟು ತಿಂಗಳು ತುಂಬುವುದರೊಳಗೆ ಇವರ ತೂಕ ಸರಾಸರಿ 10 ಪೌಂಡು ಹೆಚ್ಚಿತು. ಎಲ್ಲರಿಗಿಂತ ಕಡಮೆ ಏರಿದವನಿಗೂ 5 ಪೌಂಡು ಹೆಚ್ಚಿತು. ಎದೆಯ ಸುತ್ತಳತೆ ಸರಾಸರಿ ಮೂರು ಅಂಗುಲಕ್ಕೆ ತುಸುವೇ ಕಡಮೆ ಹಿಗ್ಗಿತು. ಒಬ್ಬನಿಗಂತೂ ಐದು ಅಂಗುಲ.

ಇಲ್ಲೊಂದು ಪೇಚು ಒದಗಿತು. ನಾಲ್ಕು ತಿಂಗಳಾಗುವ ಹೊತ್ತಿಗೆ ಇವರಲ್ಲಿ ಹಲವರಿಗೆ ಸಮವಸ್ತ್ರದ ಅಂಗಿಯನ್ನು ಇನ್ನೊಬ್ಬರ ನೆರವಿಲ್ಲದೆ ತೊಡುವುದು ಸಾಧ್ಯವಾಗದೆ ಹೋಯಿತು. ತೊಟ್ಟರೂ ಎದೆಯ ಮೇಲೆ ಗುಂಡಿ ಕೂಡಲಿಲ್ಲ. ಇನ್ನೊಂದು ತಿಂಗಳಿಗೆ ಹೊಸ ಉಡುಪನ್ನೇ ಹೊಲಿಸಬೇಕಾಯಿತು. ಇದು ನಗುವ ಸಂಗತಿಯಾದರೂ ಇದರಲ್ಲಿ ಶಾಸ್ತ್ರದ ಬೀಜವಿದೆ. ತೂಕ 10 ಪೌಂಡು ಹೆಚ್ಚಿತೆಂದು ಹೇಳುವ ತಕ್ಕಡಿಗೆ ಅದು ಕೊಬ್ಬೋ ಮಾಂಸವೋ ತಿಳಿಯದು. ದರ್ಜಿಯ ಅಳತೆಪಟ್ಟಿಗೆ ಅಷ್ಟಿಷ್ಟು ತಿಳಿಯುತ್ತದೆ. ಬೆಳೆದುದು ಸೊಂಟವಾಗಿದ್ದರೆ ಷರಾಯಿ ಬಿಗಿಯಾಗುತ್ತಿತ್ತು. ಇಲ್ಲಿ ಬಿಗಿಯಾದುದು ಎದೆ ಮತ್ತು ತೋಳು. ಈ ಹನ್ನೆರಡು ಮಂದಿ ಆಲ್ಡರ್‌ಷಾಟಿನ ದಂಡಿನ ಪ್ರದೇಶಕ್ಕೆ ಹೋಗಿ ಇತರರನ್ನು ತರಬೇತುಗೊಳಿಸಿದರು. ಬ್ರಿಟಿಷ್ ಸೈನ್ಯದ ವ್ಯಾಯಾಮಶಿಕ್ಷಕರ ದಳವು ಮೊದಲಾದುದು ಇವರಿಂದಲೇ.

ಆದರೆ ಸೈನ್ಯದ ಭರ್ತಿಯ ಕೋಣೆಯಲ್ಲಿ ಆಳ್ವಿಕೆ ನಡೆಸಿದುದು ದರ್ಜಿಯ ಪಟ್ಟಿಯಲ್ಲ, ಎತ್ತರಕ್ಕೆ ಇಷ್ಟು ತೂಕವೆಂದು ಗೊತ್ತುಮಾಡಿದ ಕೋಷ್ಟಕ. ಬೆಲ್ಜಿಯಂ ದೇಶದ ಗಣಿತಜ್ಞನಾದ ಕೆಟ್ಲೆ ಎಂಬವನು ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಕಂಡುಹಿಡಿದಿದ್ದನು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯೇ ಇಂದು ವೈದ್ಯರು ಹೇಳುವ ದೇಹರಾಶಿ ಸೂಚ್ಯಂಕ. ವಿಮಾ ಕಂಪೆನಿಗಳು ತಮ್ಮ ವ್ಯವಹಾರಕ್ಕೆಂದು ಬೇರೆ ಕೋಷ್ಟಕಗಳನ್ನು ಮಾಡಿಕೊಂಡವು. ಕೋಷ್ಟಕ ಸುಲಭ, ಅಗ್ಗ, ಬೇಗ ಮುಗಿಯುವಂಥದು. ಸಾವಿರಾರು ಜನರನ್ನು ಒಟ್ಟಾಗಿ ನೋಡುವಾಗ ಅದು ಉಪಯುಕ್ತವೂ ಹೌದು. ಒಬ್ಬ ಮನುಷ್ಯನ ಯೋಗ್ಯತೆಯನ್ನು ತೀರ್ಮಾನಿಸಲು ಹೊರಟಾಗ ಅದು ಎಡವುತ್ತದೆ.

ಎಡವುದೆಂಬುದನ್ನು ತೋರಿಸಿಕೊಟ್ಟವನು ಅಮೆರಿಕಾದ ನೌಕಾಸೇನೆಯ ವೈದ್ಯನಾದ ಆಲ್ಬರ್ಟ್ ಬೆಂಕಿ. ಇವನ ಮೊದಲ ಕಾರ್ಯಕ್ಷೇತ್ರ ಆಳವಾದ ನೀರಿನಲ್ಲಿ ಮುಳುಗುವವರ ರಕ್ಷಣೆ. 1939ರಲ್ಲಿ ಸ್ಕ್ವಾಲಸ್ ಎಂಬ ಜಲಾಂತರ್ಗಾಮಿ ಮುಳುಗಿದಾಗ ಅದರಲ್ಲಿ ಸಿಕ್ಕಿಬಿದ್ದ 33 ಮಂದಿಯನ್ನು ಜೀವಂತವಾಗಿ ಮೇಲೆತ್ತಿದ ಕಾರ್ಯದಲ್ಲಿ ಇವನೂ ಇದ್ದನು. ಆಳದಲ್ಲಿ ಉಸಿರಾಡುವವನ ಶರೀರದೊಳಕ್ಕೆ ನೈಟ್ರೊಜನ್ ಅನಿಲವು ಕರಗಿ ಸೇರುತ್ತದೆ; ಅವನು ಬೇಗ ಮೇಲಕ್ಕೆ ಬಂದರೆ ಅದು ಗುಳ್ಳೆಗಳಾಗಿ ಪ್ರಾಣಕ್ಕೆ ಸಂಚಕಾರ ತರುತ್ತದೆ. ಈ ಅನಿಲವು ನೀರಿನಲ್ಲಿ ಕರಗುವುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಾಗಿ ಕೊಬ್ಬಿನಲ್ಲಿ ಕರಗುವುದರಿಂದ, ಮುಳುಗುವವನ ಮೈಯಲ್ಲಿ ಕೊಬ್ಬೆಷ್ಟಿದೆ ಎಂಬುದನ್ನು ತಿಳಿಯುವುದು ಬೆಂಕಿಗೆ ಅವಶ್ಯವಾಯಿತು. ಅದಕ್ಕಾಗಿ ಅವನು ಎರಡು ಸಾವಿರ ವರ್ಷಗಳಿಗೂ ಹಿಂದಿನ ಆರ್ಕಿಮಿಡೀಸನ ಸೂತ್ರವನ್ನೇ ಹಿಡಿದನು. ಕೊಬ್ಬು ನೀರಿಗಿಂತ ಹಗುರ. ಮಾಂಸವೂ ಮೂಳೆಯೂ ನೀರಿಗಿಂತ ಭಾರ. ಆದ್ದರಿಂದ ಮನುಷ್ಯನನ್ನು ಗಾಳಿಯಲ್ಲಿ ಒಂದು ಸಲ, ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿ ಇನ್ನೊಂದು ಸಲ ತೂಗಿದರೆ ಅವನ ಸಾಂದ್ರತೆ ತಿಳಿಯುತ್ತದೆ. ಸಾಂದ್ರತೆಯಿಂದ ಕೊಬ್ಬಿನ ಪಾಲು ತಿಳಿಯುತ್ತದೆ.

1942ರಲ್ಲಿ ಬೆಂಕಿ ಮತ್ತು ಅವನ ಸಂಗಡಿಗರು 25 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಹೀಗೆ ತೂಗಿದ ಸಂಗತಿಯನ್ನು ಪ್ರಕಟಿಸಿದರು. ಅದು ಅಮೆರಿಕಾ ಮಹಾಯುದ್ಧಕ್ಕೆ ಇಳಿದ ಕಾಲ; ಸೈನ್ಯಕ್ಕೆ ಆಳು ಬೇಕಾಗಿದ್ದ ಕಾಲ. ಕೋಷ್ಟಕದಂತೆ ನೋಡಿದರೆ ಈ 25 ಮಂದಿಯಲ್ಲಿ 17 ಮಂದಿ ಅತಿಭಾರದವರು. ಸೈನ್ಯದ ಸೇವೆಗೆ ಅನರ್ಹರು. ನೀರಿನಲ್ಲಿ ತೂಗಿ ನೋಡಿದಾಗ ಆ 17 ಮಂದಿಯಲ್ಲಿ 11 ಮಂದಿಯ ಮೈಯಲ್ಲಿ ಕೊಬ್ಬು ಕಡಮೆಯೆಂದು ಗೊತ್ತಾಯಿತು. ಅವರ ಹೆಚ್ಚಿನ ಭಾರವೆಲ್ಲ ಮಾಂಸಖಂಡದ್ದು. ಯಾರು ಹೊರೆ ಹೊರಲು, ಓಡಲು, ಗಾಯಗೊಂಡ ಸಂಗಡಿಗನನ್ನು ಎತ್ತಿಕೊಂಡು ಬರಲು ಎಲ್ಲರಿಗಿಂತ ಸಮರ್ಥರೋ ಅವರನ್ನೇ ಕೋಷ್ಟಕವು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತಿತ್ತು. ನಮ್ಮ ಮೈಸೂರಿನ ಗರಡಿಗಳಲ್ಲಿ ಬೆಳೆದ ಪೈಲ್ವಾನನೊಬ್ಬನನ್ನು ಆ ಕೋಣೆಯಲ್ಲಿ ನಿಲ್ಲಿಸಿದ್ದರೆ ಅವನಿಗೂ ಅದೇ ಗತಿಯಾಗುತ್ತಿತ್ತು.

ಈ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇನೆ. ಒಬ್ಬ ತರುಣನು ಗಾಳಿಯಲ್ಲಿ 70 ಕಿಲೋ ತೂಗುತ್ತಾನೆ. ಉಸಿರನ್ನು ಪೂರ್ತಿಯಾಗಿ ಹೊರಕ್ಕೆ ಬಿಟ್ಟು ನೀರಿನಲ್ಲಿ ಮುಳುಗಿದಾಗ, ಎದೆಗೂಡಿನಲ್ಲಿ ಉಳಿದ ಗಾಳಿಯ ಲೆಕ್ಕವನ್ನು ತೆಗೆದುಹಾಕಿದರೆ, 3 ಕಿಲೋ ತೂಗುತ್ತಾನೆ ಎನ್ನೋಣ. ಕಳೆದ 67 ಕಿಲೋ ಅವನು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಎಂದರೆ ಅವನ ಗಾತ್ರ 67 ಲೀಟರು. 1961ರಲ್ಲಿ ಸಿರಿ ಎಂಬ ವಿಜ್ಞಾನಿ ಕೊಟ್ಟ ಸೂತ್ರದಂತೆ ಎಣಿಸಿದರೆ ಅವನ ಕೊಬ್ಬು ಶೇಕಡಾ 24ರ ಹತ್ತಿರ, ಎಂದರೆ ಸುಮಾರು 16½ ಕಿಲೋ. ಆರು ತಿಂಗಳ ಕವಾಯತಿನ ಮೇಲೆ ಗಾಳಿಯಲ್ಲಿ ಅದೇ 70 ಕಿಲೋ. ಆದರೆ ನೀರಿನಲ್ಲಿ ಈಗ 4 ಕಿಲೋ. ಈ ಒಂದೇ ಒಂದು ಕಿಲೋ ವ್ಯತ್ಯಾಸದ ಅರ್ಥವೇನು? ಕೊಬ್ಬು 12 ಕಿಲೋಗೆ ತುಸು ಕಡಮೆಯಾಗಿದೆ, ಶೇಕಡಾ 17ರಷ್ಟಕ್ಕೆ ಇಳಿದಿದೆ. ಸುಮಾರು 5 ಕಿಲೋ ಕೊಬ್ಬು ಹೋಗಿ ಅದರ ಜಾಗದಲ್ಲಿ 5 ಕಿಲೋ ಕೊಬ್ಬಿಲ್ಲದ ಅಂಶ ಬಂದು ಸೇರಿದೆ. ನೆಲದ ಮೇಲಿನ ತಕ್ಕಡಿಯ ಮುಳ್ಳು ಮಾತ್ರ ಕದಲಲೇ ಇಲ್ಲ.

ಕವಾಯತು ಇದನ್ನು ಹೇಗೆ ಸಾಧಿಸುತ್ತದೆ? ಹೊಸದಾಗಿ ಭರ್ತಿಯಾದವನನ್ನು ದಂಡಿನವರು ರಂಗರೂಟು ಎನ್ನುತ್ತಾರೆ. ಅವನ ದಿನಚರಿಯಲ್ಲಿ ಎರಡು ಬಗೆಯ ಶ್ರಮಗಳಿವೆ. ಗಂಟೆಗಟ್ಟಲೆ ನಡಗೆ, ಓಟ, ಬೆನ್ನ ಮೇಲೆ ಹೊರೆ ಹೊತ್ತು ಸಾಗುವುದು ಇವು ದೀರ್ಘಕಾಲದ ಶ್ರಮ. ಇವು ಕಣಜದಿಂದ ಕೊಬ್ಬನ್ನು ತೆಗೆದು ಉರಿಸುತ್ತವೆ. ದಂಡ ಹೊಡೆಯುವುದು, ಹಗ್ಗ ಹತ್ತುವುದು, ಕಂಬಿ ಹಿಡಿದು ಮೈಯನ್ನು ಮೇಲೆತ್ತುವುದು, ಗೋಡೆ ಹಾರುವುದು ಇವು ಸ್ವಲ್ಪಕಾಲದ, ಆದರೆ ತೀವ್ರವಾದ ಶ್ರಮ. ಇವು ಮಾಂಸಖಂಡಕ್ಕೆ ಬೆಳೆಯುವಂತೆ ಕರೆ ಕೊಡುತ್ತವೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲರಿ ಶಕ್ತಿ ಅಡಗಿದೆ. ಆದ್ದರಿಂದ ಉಣ್ಣುವುದಕ್ಕಿಂತ ದಿನಕ್ಕೆ ಕೆಲವು ನೂರು ಕ್ಯಾಲರಿ ಹೆಚ್ಚಾಗಿ ಖರ್ಚಾದರೂ ಎರಡು ಮೂರು ತಿಂಗಳಲ್ಲಿ ಹಲವು ಕಿಲೋ ಕೊಬ್ಬು ಕರಗುವುದರಲ್ಲಿ ಆಶ್ಚರ್ಯವಿಲ್ಲ.

ಇದರಲ್ಲಿ ಒಂದು ನ್ಯಾಯವೂ ಉಂಟು. ಒಂದೇ ಕವಾಯತು ಎಲ್ಲರಿಗೂ ಒಂದೇ ಫಲವನ್ನು ಕೊಡುವುದಿಲ್ಲ. ದಪ್ಪಗಿರುವವನು ಹೆಚ್ಚು ಕೊಬ್ಬನ್ನು ಕಳೆದುಕೊಳ್ಳುತ್ತಾನೆ. ತೆಳ್ಳಗಿರುವವನು ಹೊಟ್ಟೆತುಂಬ ಉಂಡರೆ ತೂಕವನ್ನು ಗಳಿಸುತ್ತಾನೆ. ಇಬ್ಬರೂ ಎರಡು ತುದಿಗಳಿಂದ ಹೊರಟು ನಡುವಿನ ಕಡೆಗೆ ಬರುತ್ತಾರೆ. ಸ್ತ್ರೀಯರ ವಿಷಯದಲ್ಲಿಯೂ ಹೀಗೆಯೇ. ಅಮೆರಿಕಾದ ಸೇನೆಗೆ ಸೇರಿದ ತರುಣಿಯರನ್ನು ಎಂಟು ವಾರಗಳ ಪ್ರಾಥಮಿಕ ಶಿಕ್ಷಣದ ಮೊದಲೂ ಕೊನೆಯಲ್ಲಿಯೂ ಪರೀಕ್ಷಿಸಿದಾಗ, ಸರಾಸರಿ ತೂಕದಲ್ಲಿ ಹೇಳುವಂಥ ವ್ಯತ್ಯಾಸವಾಗದೆ ಕೊಬ್ಬು ಇಳಿದು ಕೊಬ್ಬಿಲ್ಲದ ಅಂಶವು ಏರಿತ್ತು. ತೂಕ ಇಳಿಯಲಿಲ್ಲವೆಂದು ನಿರಾಶರಾಗಿ ವ್ಯಾಯಾಮವನ್ನು ಬಿಟ್ಟುಬಿಡುವ ಸೋದರಿಯರು ಇದನ್ನು ನೆನಪಿನಲ್ಲಿಡಬೇಕು.

ಮೂಳೆಯನ್ನೂ ಮರೆಯಲಾಗದು. ನಡಗೆಯ ಪೆಟ್ಟು ಬಿದ್ದಷ್ಟೂ ಕಾಲಿನ ಮೂಳೆ ಗಟ್ಟಿಯಾಗುತ್ತದೆ. ಆದರೆ ಮೂಳೆಯ ಬೆಳವಣಿಗೆ ಮಾಂಸಖಂಡಕ್ಕಿಂತ ನಿಧಾನ. ಹಳೆಯ ಭಾಗವನ್ನು ಕೆಡವಿ ಹೊಸದನ್ನು ಕಟ್ಟುವುದು ಅದರ ಪದ್ಧತಿ. ಕೆಡವಿ ಆಗಿ ಕಟ್ಟುವುದು ಇನ್ನೂ ಮುಗಿಯದ ಮೊದಲ ಕೆಲವು ವಾರಗಳಲ್ಲಿ ಅದು ಮೊದಲಿಗಿಂತ ದುರ್ಬಲವಾಗಿಯೇ ಇರಬಹುದು. ಪ್ರಷ್ಯಾ ದೇಶದ ಸೇನಾವೈದ್ಯನಾದ ಬ್ರೈಟ್‌ಹಾಪ್ಟನು 1855ರಲ್ಲಿಯೇ ದೀರ್ಘ ನಡಗೆಯಿಂದ ಸಿಪಾಯಿಗಳ ಪಾದ ಊದಿ ನೋಯುವುದನ್ನು ವರ್ಣಿಸಿದನು. ಕ್ಷಕಿರಣದ ಶೋಧನೆಯಾದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಪಾದದ ಮೂಳೆಯ ಸಣ್ಣ ಬಿರುಕೆಂದು ತಿಳಿದುಬಂತು. ಆತುರಪಟ್ಟು ಓಡಿಸಿದರೆ ಹುಮ್ಮಸ್ಸಿನ ಮಾಂಸಖಂಡವು ಇನ್ನೂ ಸಿದ್ಧವಾಗದ ಮೂಳೆಯನ್ನು ಮುರಿಯುತ್ತದೆ. ಮೆಕ್ಲಾರನ್ ಮೆಲ್ಲಮೆಲ್ಲನೆ ಏರಿಸಿದುದರ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನು ವಾಗ್ಭಟನ ಎರಡನೆಯ ಮಾತಿಗೆ, ಅತಿಯಾದ ಶ್ರಮಕ್ಕೆ ಬರೋಣ. ಅಮೆರಿಕಾದ ಭೂಸೇನೆಯಲ್ಲಿ ರೇಂಜರ್ ಎಂಬ ಆಯ್ದ ಪಡೆಯವರಿಗೆ ಕೊಡುವ ಶಿಕ್ಷಣ ಬಹು ಕಠಿಣವಾದುದು. 1991ರಲ್ಲಿ ಸೇನೆಯ ವಿಜ್ಞಾನಿಗಳು ಈ 62 ದಿನಗಳ ಶಿಕ್ಷಣವನ್ನು ಅಭ್ಯಸಿಸಿದರು. ಕಾಡು, ಬೆಟ್ಟ, ಮರುಭೂಮಿ, ಜೌಗುನೆಲಗಳಲ್ಲಿ ಹೊರೆ ಹೊತ್ತು ನಡಗೆ. ರಾತ್ರಿ ನಾಲ್ಕು ಗಂಟೆಗೂ ಕಡಮೆ ನಿದ್ರೆ. ಬೇಕೆಂದೇ ಕಡಮೆ ಮಾಡಿದ ಊಟ. ಖರ್ಚಾಗುವುದಕ್ಕಿಂತ ದಿನಕ್ಕೆ ಸರಾಸರಿ ಸಾವಿರ ಕ್ಯಾಲರಿಗೂ ಹೆಚ್ಚಿನ ಕೊರತೆ. ಕೊನೆಗೆ ಈ ತರುಣರು ತಮ್ಮ ತೂಕದ ಸುಮಾರು ಶೇಕಡಾ 16 ಪಾಲನ್ನು ಕಳೆದುಕೊಂಡಿದ್ದರು. ಕೊಬ್ಬು ಶೇಕಡಾ 15ರ ಹತ್ತಿರದಿಂದ ಸುಮಾರು 6ಕ್ಕೆ ಇಳಿದಿತ್ತು. ಕೊಬ್ಬು ಹೋದರೆ ಒಳ್ಳೆಯದೇ ಅಲ್ಲವೆ ಎಂದು ನೀವು ಕೇಳಬಹುದು. ಕಳೆದುಹೋದ ತೂಕದಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಕೊಬ್ಬಲ್ಲ. ಅದು ಕೊಬ್ಬಿಲ್ಲದ ಅಂಶ, ಬಹುವಾಗಿ ಮಾಂಸಖಂಡವೇ. ಭಾರವನ್ನು ಎತ್ತುವ ಶಕ್ತಿ ತಗ್ಗಿತ್ತು. ಪುರುಷತ್ವಕ್ಕೆ ಕಾರಣವಾದ ಟೆಸ್ಟೊಸ್ಟೆರೋನ್ ಎಂಬ ರಸವು ರಕ್ತದಲ್ಲಿ ಅತ್ಯಲ್ಪವಾಗಿತ್ತು. ಸೋಂಕುರೋಗಗಳಿಗೆ ಮೈ ಸುಲಭವಾಗಿ ತುತ್ತಾಗುತ್ತಿತ್ತು.

ಇವರನ್ನು ನೋಡಿ ವಿಜ್ಞಾನಿಗಳು ಒಂದು ಎಲ್ಲೆಯನ್ನು ಗುರುತಿಸಿದರು. ಆರೋಗ್ಯವಂತನಾದ ಗಂಡಸಿನ ದೇಹದಲ್ಲಿ ಕೊಬ್ಬು ಶೇಕಡಾ 4ರಿಂದ 6ಕ್ಕಿಂತ ಕೆಳಕ್ಕೆ ಇಳಿಯಲಾರದು. ಆ ಮಟ್ಟವನ್ನು ಮುಟ್ಟಿದ ಮೇಲೂ ಕೊರತೆ ಮುಂದುವರಿದರೆ ದೇಹವು ತನ್ನ ಮಾಂಸಖಂಡವನ್ನೇ ಒಡೆದು ಉರಿಸುತ್ತದೆ. ಕಣಜ ಬರಿದಾದ ಮನೆಯವನು ಒಲೆ ಉರಿಸಲು ತೊಲೆ ಜಂತೆಗಳನ್ನೇ ಕಿತ್ತು ಹಾಕಿದಂತೆ. ಮರುವರ್ಷ ಊಟವನ್ನು ಸುಮಾರು ಶೇಕಡಾ 15ರಷ್ಟು ಹೆಚ್ಚಿಸಿ ಮತ್ತೆ ಪರೀಕ್ಷಿಸಿದಾಗ ತೂಕದ ನಷ್ಟವೂ ಸೋಂಕುಗಳೂ ಕಡಮೆಯಾದವು. ಶಿಕ್ಷಣದ ಕಾಠಿಣ್ಯ ಹಾಗೆಯೇ ಉಳಿದು ಊಟ ಮಾತ್ರ ಸ್ವಲ್ಪ ಹೆಚ್ಚಿದುದರಿಂದ ಆದ ಲಾಭವಿದು. ಕ್ಷೀಣತೆಗೆ ಕವಾಯತಿನಷ್ಟೇ ಹಸಿವೂ ಕಾರಣವಾಗಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಇದಕ್ಕೆ ಹಿಂದೆಯೇ ಮಿನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗವೊಂದಿದೆ. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದ 36 ಮಂದಿ ತರುಣರು, ಯೂರೋಪಿನ ಹಸಿದ ಜನರಿಗೆ ಹೇಗೆ ಊಟವಿಡಬೇಕೆಂಬುದನ್ನು ತಿಳಿಯುವುದಕ್ಕಾಗಿ ತಾವೇ ಹಸಿಯಲು ಮುಂದೆ ಬಂದರು. 1945ರಲ್ಲಿ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿದ್ದು, ವಾರಕ್ಕೆ 22 ಮೈಲಿ ನಡೆಯುತ್ತ, ತಮ್ಮ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ತರುವಾಯ ಅವರಿಗೆ ಬೇಕಾದಷ್ಟು ಊಟ ದೊರೆತಾಗ ತಕ್ಕಡಿಯಲ್ಲಿ ಹಳೆಯ ತೂಕ ಮರಳಿ ಬಂತು. ಆದರೆ ಹಳೆಯ ದೇಹ ಮರಳಿರಲಿಲ್ಲ. ಕೊಬ್ಬು ಮೊದಲಿಗಿಂತ ಹೆಚ್ಚಾಗಿತ್ತು; ಮಾಂಸಖಂಡವು ಹಿಂದುಳಿದಿತ್ತು. ಶಿಕ್ಷಣ ಮುಗಿಸಿದ ರೇಂಜರುಗಳಲ್ಲಿಯೂ ಕೆಲವು ವಾರಗಳಲ್ಲಿ ಇದೇ ಕಂಡುಬಂತು. ಒಮ್ಮೆ ಬರವನ್ನು ಕಂಡ ಸಂಸಾರಿ ಮುಂದಿನ ಸುಗ್ಗಿಯಲ್ಲಿ ಮೊದಲು ಕಣಜವನ್ನು ತುಂಬುತ್ತಾನೆ. ಮನೆಯ ದುರಸ್ತಿ ಆಮೇಲೆ. ಉಪವಾಸದಿಂದ ಬೇಗ ಸಣ್ಣಗಾಗಲು ಹೊರಟವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ.

ಜನರಲ್ಲಿ ಇನ್ನೊಂದು ನಂಬಿಕೆಯಿದೆ. ಕವಾಯತು ಬಿಟ್ಟರೆ ಮಾಂಸವೆಲ್ಲ ಕೊಬ್ಬಾಗಿ ತಿರುಗುತ್ತದೆ, ಆದ್ದರಿಂದ ಮೊದಲಿಗೇ ಅದರ ತಂಟೆಗೆ ಹೋಗಬಾರದು ಎಂದು ಕೆಲವರು ವಾದಿಸುತ್ತಾರೆ. ಹಿತ್ತಾಳೆ ಚಿನ್ನವಾಗುವುದಿಲ್ಲ, ಮಾಂಸಖಂಡ ಕೊಬ್ಬಾಗುವುದಿಲ್ಲ. ಅವು ಬೇರೆಬೇರೆ ಧಾತುಗಳು. ನಿವೃತ್ತನಾದ ಸಿಪಾಯಿಯ ಶ್ರಮ ನಿಂತಿತು, ಆದರೆ ಶ್ರಮದ ಕಾಲದ ಊಟ ನಿಲ್ಲಲಿಲ್ಲ. ಕೆಲಸವಿಲ್ಲದ ಮಾಂಸಖಂಡ ಕುಗ್ಗಿತು; ಖರ್ಚಾಗದ ಊಟ ಕೊಬ್ಬಾಗಿ ಕೂಡಿತು. ಎರಡೂ ಒಂದೇ ಕಾಲದಲ್ಲಿ ನಡೆಯುವುದರಿಂದ ಒಂದು ಇನ್ನೊಂದಾಯಿತೆಂದು ಕಣ್ಣಿಗೆ ತೋರುತ್ತದೆ.

ಸೈನ್ಯಗಳು ಈ ಜ್ಞಾನದಿಂದ ಪಾಠ ಕಲಿತವೆ? ಸ್ವಲ್ಪಮಟ್ಟಿಗೆ ಕಲಿತವು. ಎಲ್ಲರನ್ನೂ ನೀರಿನಲ್ಲಿ ಮುಳುಗಿಸಿ ತೂಗುವುದು ದಂಡಿನಲ್ಲಿ ನಡೆಯುವ ಮಾತಲ್ಲ. ಆದ್ದರಿಂದ ಅಮೆರಿಕಾದ ನೌಕಾಸೇನೆಯ ಸಂಶೋಧಕರು 1984ರಲ್ಲಿ ದರ್ಜಿಯ ಪಟ್ಟಿಗೇ ಮರಳಿದರು. ಗಂಡಸರಲ್ಲಿ ಕತ್ತಿನ ಮತ್ತು ಹೊಟ್ಟೆಯ ಸುತ್ತಳತೆಗಳಿಂದಲೂ ಎತ್ತರದಿಂದಲೂ ಕೊಬ್ಬನ್ನು ಅಂದಾಜು ಮಾಡುವ ಸೂತ್ರವನ್ನು ರಚಿಸಿದರು. ಹೊಟ್ಟೆ ಬೆಳೆದರೆ ಕೊಬ್ಬಿನ ಅಂಕಿ ಏರುತ್ತದೆ. ದಪ್ಪವಾದ ಕತ್ತು ಬಲಿಷ್ಠತೆಯ ಗುರುತಾದ್ದರಿಂದ ಅಂಕಿ ಇಳಿಯುತ್ತದೆ. ಇದು ಕೋಷ್ಟಕಕ್ಕಿಂತ ಎಷ್ಟೋ ಮೇಲು. ಆದರೂ ಒಬ್ಬೊಬ್ಬನ ವಿಷಯದಲ್ಲಿ ಶೇಕಡಾ ಮೂರು ನಾಲ್ಕರಷ್ಟು ಅತ್ತಿತ್ತ ತಪ್ಪುವುದುಂಟು. ಯಾವ ಅಳತೆಯನ್ನಾದರೂ ಮನುಷ್ಯನು ಮಾಡಬಲ್ಲ ಕೆಲಸದ ಜೊತೆಗೆ ಇಟ್ಟು ನೋಡುವುದೇ ನ್ಯಾಯ.

ನಾವು ಭಾರತೀಯರು ಈ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕಾದ ಕಾರಣವೊಂದಿದೆ. 2004ರಲ್ಲಿ ಪುಣೆಯ ವೈದ್ಯರಾದ ಯಾಜ್ಞಿಕರೂ ಅವರ ಮಿತ್ರರಾದ ಇಂಗ್ಲೆಂಡಿನ ವೈದ್ಯ ಯಡ್ಕಿನ್ನರೂ ತಮ್ಮಿಬ್ಬರ ಭಾವಚಿತ್ರವನ್ನೇ ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ದೇಹರಾಶಿ ಸೂಚ್ಯಂಕವೂ ಒಂದೇ: 22.3. ಕೋಷ್ಟಕದ ಕಣ್ಣಿಗೆ ಇಬ್ಬರೂ ತೆಳ್ಳಗಿನವರು. ಆದರೆ ದೂರದೋಟದ ಅಭ್ಯಾಸವಿದ್ದ ಯಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ 9.1, ಅಂಥ ಅಭ್ಯಾಸವಿಲ್ಲದ ಯಾಜ್ಞಿಕರ ಮೈಯಲ್ಲಿ 21.2. ಈ ಅಂತರದಲ್ಲಿ ಓಟದ ಪಾಲೂ ಇದೆ, ಹುಟ್ಟಿನ ಪಾಲೂ ಇದೆ. ನಮ್ಮ ಜನರಲ್ಲಿ ಅದೇ ತೂಕಕ್ಕೆ ಮಾಂಸಖಂಡ ಕಡಮೆ, ಕೊಬ್ಬು ಹೆಚ್ಚು. ಅದೂ ಹೊಟ್ಟೆಯ ಸುತ್ತ ಹೆಚ್ಚು. ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡುವುದು ಈ ಹೊಟ್ಟೆಯ ಕೊಬ್ಬೇ. ಇದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ, ಏಷ್ಯಾದವರ ವಿಷಯದಲ್ಲಿ 25ರವರೆಗೆ ಕಾಯದೆ 23ರಿಂದಲೇ ಎಚ್ಚರ ವಹಿಸುವುದು ಲೇಸೆಂದು ಸೂಚಿಸಿದರು. ಕಛೇರಿಯಲ್ಲಿ ದಿನವೆಲ್ಲ ಕುಳಿತಿದ್ದು, ತೂಕ ಸರಿಯಾಗಿದೆಯೆಂದು ನೆಮ್ಮದಿಯಿಂದಿರುವ ನಗರವಾಸಿಯು ಒಂದು ಸಲ ತನ್ನ ಸೊಂಟವನ್ನು ಅಳೆದುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಎಚ್ಚರಿಕೆಯ ಗೆರೆ.

ಸೈನ್ಯದ ಭರ್ತಿಗೆಂದು ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ನಸುಕಿನಲ್ಲೆದ್ದು ಓಡುವ ತರುಣರಿದ್ದಾರೆ. 1.6 ಕಿಲೋಮೀಟರಿನ ಓಟ, ಕಂಬಿಯ ಸಾಧನೆ, ಉಸಿರು ತುಂಬಿದಾಗ ಎದೆ ಹಿಗ್ಗಬೇಕಾದ 5 ಸೆಂಟಿಮೀಟರು, ಎತ್ತರಕ್ಕೆ ತಕ್ಕ ತೂಕ ಇವೆಲ್ಲವೂ ಅವರ ಮನಸ್ಸಿನಲ್ಲಿರುತ್ತವೆ. ಓಟಕ್ಕೆ ಹಗುರಾಗಬೇಕೆಂದು ರಾತ್ರಿಯ ಊಟ ಬಿಡುವ ಯೋಚನೆ ಯಾರಿಗಾದರೂ ಬಂದಿದ್ದರೆ, ರೇಂಜರುಗಳ ಕಥೆಯನ್ನು ಅವರಿಗೆ ಹೇಳಬೇಕು. ಅವರು ಕಳೆದುಕೊಳ್ಳುವುದು ಯಾವ ಕಾಲಿನಿಂದ ಓಡಬೇಕೋ ಆ ಕಾಲಿನ ಮಾಂಸವನ್ನೇ.

ಸೈನ್ಯಕ್ಕೆ ಸೇರದ ನಮಗೆ ಇದರಿಂದ ಏನು ಪ್ರಯೋಜನ? ಮೂರು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು, ನಡಗೆಯ ಜೊತೆಗೆ ಭಾರದ ಸಾಧನೆಯೂ ಇರಲಿ. ಬರಿಯ ನಡಗೆ ಕೊಬ್ಬನ್ನು ಕರಗಿಸುತ್ತದೆ, ಆದರೆ ಮಾಂಸಖಂಡವನ್ನು ಅಷ್ಟಾಗಿ ಬೆಳೆಸುವುದಿಲ್ಲ. ಮನೆಯಲ್ಲಿಯೇ ದಂಡ ಬಸ್ಕಿಗಳನ್ನು ಸ್ವಲ್ಪದರಿಂದ ಮೊದಲುಮಾಡಿ ವಾರವಾರಕ್ಕೆ ಸ್ವಲ್ಪ ಏರಿಸಬಹುದು. ಎರಡನೆಯದು, ಶ್ರಮಕ್ಕೆ ತಕ್ಕ ಊಟ ಮತ್ತು ನಿದ್ರೆ. ಮಾಂಸಖಂಡವು ಬೆಳೆಯುವುದು ಕವಾಯತಿನ ಮೈದಾನದಲ್ಲಲ್ಲ, ಆಮೇಲಿನ ವಿಶ್ರಾಂತಿಯಲ್ಲಿ. ನಮ್ಮ ಗರಡಿಯ ಉಸ್ತಾದರು ಶಿಷ್ಯರಿಗೆ ಸಾಮಿನಷ್ಟೇ ಕಟ್ಟುನಿಟ್ಟಾಗಿ ಹಾಲು ಬಾದಾಮಿಗಳನ್ನು ವಿಧಿಸಿದುದು ಬರಿಯ ಉಪಚಾರವಲ್ಲ. ಬಾದಾಮಿ ಎಲ್ಲರಿಗೂ ಎಟುಕದಿದ್ದರೆ ಬೇಳೆ, ಹುರುಳಿ, ಕಡಲೆ, ಮೊಸರು, ಉಣ್ಣುವವರಿಗೆ ಮೊಟ್ಟೆ ಮೀನು ಇವು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಮೂರನೆಯದು, ಅಳತೆ. ತಕ್ಕಡಿಯ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೂ ಇಟ್ಟುಕೊಳ್ಳಿ. ತೂಕ ಇಳಿಯದೆ ಸೊಂಟ ಇಳಿದರೆ ಸಂತೋಷಪಡಿ. ಸೊಂಟ ಇಳಿಯದೆ ತೂಕ ಇಳಿದರೆ ವಿಚಾರಮಾಡಿ.

ವಾಗ್ಭಟಾಚಾರ್ಯನು ವ್ಯಾಯಾಮವನ್ನು ಅರ್ಧ ಶಕ್ತಿಯಿಂದ ಮಾಡಬೇಕೆಂದು ಬಲಿಷ್ಠರಿಗೂ ಜಿಡ್ಡಿನ ಆಹಾರ ಉಣ್ಣುವವರಿಗೂ ಸಹ ವಿಧಿಸಿದ್ದಾನೆ. ಯುದ್ಧಕ್ಕೆ ಹೋಗುವವನು ಕೆಲವು ವೇಳೆ ಪೂರ್ಣ ಶಕ್ತಿಯನ್ನು, ಅದಕ್ಕೂ ಮಿಗಿಲಾದುದನ್ನು ವೆಚ್ಚಮಾಡಬೇಕಾಗಬಹುದು. ಅದು ಅವನ ಧರ್ಮ, ಅದಕ್ಕೆ ಅವನು ತೆರುವ ಬೆಲೆಯನ್ನು ನಾವು ಈಗ ಕೇಳಿದೆವು. ನಗರದಲ್ಲಿ ಬಾಳುವ ನಮಗೆ ಆ ಅರ್ಧಶಕ್ತಿಯೇ ಸಾಕು. ಆದರೆ ಅದು ದಿನವೂ ಇರಬೇಕು.